ಏಳು ಪರ್ಸೆಂಟು

ದಾವಣಗೆರೆಯ ಚಾರ್ಜರು ಆ್ಯಪಿನಲ್ಲಿ ಹಸಿರಾಗಿತ್ತು.
ಹೋಗಿ ನೋಡಿದರೆ ಅದರ ಬುಡದಲ್ಲಿ ನಾಯಿಯೊಂದು ಮರಿ ಹಾಕಿತ್ತು,
ಪರದೆ ಕಪ್ಪು.
"ಚಿತ್ರದುರ್ಗದಲ್ಲಿ ಎರಡು ಗನ್ನು ಅದಾವು" ಅಂದ ಕೊಟ್ರೇಶ,
ಮೊದಲೇ ಗೊತ್ತಿದ್ದವನ ಹಾಗೆ.
ಸ್ಟೇರಿಂಗು ನನ್ನ ಕೈಯಲ್ಲಿತ್ತು. ಉಳಿದ ಮೂವತ್ನಾಲ್ಕೂ.

ಆನಗೋಡು ದಾಟುವಾಗ ಎಸಿ ಆರಿಸಿದೆ.
ಭರಮಸಾಗರದಲ್ಲಿ ಮಗನ ಟ್ಯಾಬು ಕಿತ್ತಿಟ್ಟೆ,
ಅದರಿಂದ ಏನೂ ಉಳಿಯದೆಂದು ಗೊತ್ತಿದ್ದೂ.
ಐವತ್ತರಲ್ಲಿ ಹೋಗುವವಳನ್ನು
ಈರುಳ್ಳಿ ಲಾರಿಗಳೂ ಹಾರ್ನು ಹೊಡೆದು ದಾಟಿದವು,
ಗಾಜಿಗೆ ಸಿಪ್ಪೆ ಎರಚಿ.

ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು
ಅವಸರವಿಲ್ಲದೆ
ಇನ್ಯಾರಿಗೋ ಕರೆಂಟು ರುಬ್ಬುತ್ತಿದ್ದವು.
"ಅಲ್ಲೇ ಹೋಗಿ ಚುಚ್ಚಿದರೆ ಆಗಲ್ಲೇನಮ್ಮಾ?"
ಯಾರೂ ಉತ್ತರಿಸಲಿಲ್ಲ.
ಹದಿಮೂರು. ಹನ್ನೆರಡು.
ಏರು ಬಂತು. ಒಂಬತ್ತು.

ಹೋಟೆಲಿನ ಹಿಂದೆ, ಶೌಚಾಲಯದ ಗೋಡೆಗೆ ಒತ್ತಿ
ನಿಂತಿತ್ತು ಅದು.
ಒಂದು ಗನ್ನಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು.
ಇನ್ನೊಂದು ಬಿಳಿ ಕಾರಿನ ಹೊಟ್ಟೆಯಲ್ಲಿ,
ಎಂಬತ್ತೆಂಟು.
ನಮಗೆ ಏಳು.

ಕಾವಲಿನ ಬೋರಯ್ಯ ಬೀಡಿ ಕಿವಿಗಿಟ್ಟುಕೊಂಡು ಎದ್ದು ಬಂದ.
"ಎಂಬತ್ತು ದಾಟಿದ ಮ್ಯಾಲೆ ಇರುವೆ ಹತ್ತಿದಂಗೆ ಹತ್ತತೈತಿ, ಅಕ್ಕಾರೆ.
ಅದನ್ನ ಗುದ್ದಬ್ಯಾಡ್ರಿ ಮತ್ತೆ. ನಿನ್ನೆ ಒಬ್ಬರು ಗುದ್ದಿದರು,
ಸಂಜೆತನಕ ಮಾತಾಡಲಿಲ್ಲ."

ಅಷ್ಟರಲ್ಲಿ ಆ್ಯಪಿಗೆ ಮುನ್ನೂರು ರೂಪಾಯಿ ತುಂಬಬೇಕಂತೆ.
ಒಟಿಪಿ ಹೋದದ್ದು ಕೊಟ್ರೇಶನ ಹಳೆಯ ನಂಬರಿಗೆ,
ಆ ಫೋನು ಹುಬ್ಬಳ್ಳಿಯ ಮನೆಯಲ್ಲಿ
ಚಾರ್ಜಿಗೆ ಹಾಕಿ ಮರೆತದ್ದು.
ನಗಬೇಕೆನಿಸಲಿಲ್ಲ.
ಪಕ್ಕದ ಮನೆಯ ರೆಹಾನಾ ಓಡಿ ಬೀಗ ತೆಗೆದು
ಏದುಸಿರಲ್ಲಿ ಆರು ಅಂಕಿ ಓದಿದಳು.
ಅವಧಿ ಮುಗಿದಿತ್ತು.
ಮತ್ತೆ ಕಳಿಸು ಎಂದೆವು. ಮತ್ತೆ ಓದಿದಳು,
ಒಂದೊಂದೇ ಅಂಕಿ, ಒಂದನೇ ಕ್ಲಾಸಿನ ಮಕ್ಕಳಿಗೆ ಓದುವಂತೆ.

ನಾನು ಕಂಪನಿಯ ನಂಬರಿಗೆ ಸಿಟ್ಟಾಗುತ್ತಿದ್ದೆ,
ಕೊಟ್ರೇಶ ನನ್ನ ಸಿಟ್ಟಿಗೆ,
ಮಗ ಸುಮ್ಮನೆ ಎಲ್ಲದಕ್ಕೂ.
ಹಿಂದಿನ ಸೀಟಲ್ಲಿ ಅತ್ತೆ ಹಾಲವ್ವ
ಕೇಳುವವರಿದ್ದಾರೋ ಇಲ್ಲವೋ ನೋಡದೆ ಹೇಳುತ್ತಿದ್ದಳು:

"ಕಡ್ಡಿಪೆಟ್ಟಿಗೆ ಉಳಿಸಾಕಂತ ಮೂರು ಮನೆಯಾಚೆ ಹೋಗಿ
ಕುಳ್ಳಿನ ಚೂರಿನ ಮ್ಯಾಲೆ ಕೆಂಡ ಇಸಗೊಂಡು ಬರ್ತಿದ್ವಿ.
ಊದಿಕೋತ ಬರಬೇಕು.
ಓಡಿದರೆ ಉರಿದು ಹೋಕ್ಕಿತ್ತು.
ನಿಂತರೆ ಆರಿ ಹೋಕ್ಕಿತ್ತು."

ಆಮೇಲೆ ಇಳಿದು, ಸೆರಗು ಸರಿಮಾಡಿಕೊಂಡು
ಬಿಳಿ ಕಾರಿನ ಕಿಟಕಿಯ ಹತ್ತಿರ ಹೋದಳು.
ಒಳಗೊಬ್ಬ ಹುಡುಗಿ ಕೂಸಿಗೆ ಹಾಲೂಡುತ್ತಿದ್ದಳು.
ಗಾಜು ಇಳಿಯಿತು. ಎಷ್ಟೋ ಹೊತ್ತು ಮಾತು.
ಹುಡುಗಿ ನಕ್ಕಳು, ಫೋನು ಒತ್ತಿದಳು,
ಅವಳ ಗಂಡ ದೋಸೆಯ ಕೈ ನೆಕ್ಕುತ್ತಾ ಬಂದು
ತೊಂಬತ್ತಕ್ಕೇ ಗನ್ನು ಕಿತ್ತ.

"ಏನಂತ ಕೇಳಿದಿರಿ?"
"ನಾನೇನು ಕೇಳಲಿ. ಕೂಸಿಗೆ ಎಷ್ಟು ತಿಂಗಳು ಅಂದೆ."

ಕಟಕ್ ಅಂತು.
ಒಳಗೆಲ್ಲೋ ಫ್ಯಾನು ಗುರುಗುಟ್ಟಿತು.
ಎಂಟು. ಹತ್ತು.
ಬೋರಯ್ಯ ತಾನೇ ಹೆರಿಗೆ ಮಾಡಿಸಿದವನಂತೆ
ಬೀಡಿ ಹಚ್ಚಲು ಗೇಟಿನಾಚೆ ಹೋದ.
ಮಿರ್ಚಿ ತಿಂದೆವು, ಮಂಡಕ್ಕಿ ತಿಂದೆವು, ಕೊಟ್ರೇಶ ಚಹಾ ತಂದ,
ನನ್ನದಕ್ಕೆ ಸಕ್ಕರೆ ಕಮ್ಮಿ ಹಾಕಿಸಿದ್ದ,
ಅದೇ ಅವನ ಕ್ಷಮಾಪಣೆ.

ಐವತ್ತೆಂಟಾದಾಗ
ಬೂದು ಬಣ್ಣದ ಕಾರೊಂದು ತೆವಳುತ್ತಾ ಬಂತು,
ಎಲ್ಲ ಕಿಟಕಿ ಇಳಿಸಿಕೊಂಡು.
ಚೀಲ ಕಟ್ಟಿದ ಗನ್ನು ನೋಡಿದರು. ನಮ್ಮನ್ನು ನೋಡಿದರು.
ಸ್ಟೇರಿಂಗಿನ ಹಿಂದಿನ ಮುಖ
ಭರಮಸಾಗರದಲ್ಲಿ ಕನ್ನಡಿಯೊಳಗೆ ನಾನು ಕಂಡದ್ದೇ.

ಶಿರಾಕ್ಕೆ ಐವತ್ತು ಸಾಕು.
ತುಮಕೂರಿಗೆ ಎಪ್ಪತ್ತಾದರೂ ಬೇಕು.
ನಾನು ಪರದೆಯ ಕಡೆ ತಿರುಗಿ
ಐವತ್ತೊಂಬತ್ತು ಅರವತ್ತಾಗುವುದನ್ನೇ
ತುಂಬ ಗಮನವಿಟ್ಟು ನೋಡತೊಡಗಿದೆ.

ಹಿಂದೆ ಬಾಗಿಲು ತೆರೆಯಿತು.
ಅತ್ತೆ ಕಾಲಿನಿಂದ
ಚಪ್ಪಲಿ ತಡಕುತ್ತಿದ್ದಳು.